ಪ್ಯಾಸೇಜಿನಲ್ಲಿ ಚಲನೆ

ಪ್ಯಾಸೇಜಿನ ದೀಪ ಹತ್ತಿದೆ ಎಂದಿತು ಫೋನು. ಗಂಟೆ ಹನ್ನೊಂದು ಇಪ್ಪತ್ತು.

ಕೇಶವಮೂರ್ತಿ ಆಗ ಅಂಧೇರಿಯ ಆಫೀಸಿನ ಆರನೆಯ ಮಹಡಿಯಲ್ಲಿ, ಎಂಟು ಜನರೆದುರು ನಿಂತು ಮಾತಾಡುತ್ತಿದ್ದ. ದೀಪವಿದ್ದದ್ದು ವಡಾಲದಲ್ಲಿ, ಬೀಗ ಹಾಕಿ ಬಂದ ಅವನ ಮನೆಯಲ್ಲಿ. ಅವನು ಮಾತು ನಿಲ್ಲಿಸಲಿಲ್ಲ. ವಾಕ್ಯ ಮುಗಿದ ಮೇಲೆ ಅದು ಯಾವ ವಾಕ್ಯವೆಂದು ಅವನಿಗೇ ನೆನಪಾಗಲಿಲ್ಲ. ಯಾರೂ ಕೇಳಲೂ ಇಲ್ಲ.

ಸೆನ್ಸರುಗಳನ್ನು ಕೂರಿಸಿದವನು ಅವನೇ. ಎಂಜಿನಿಯರಾದವನಿಗೆ ಎಲೆಕ್ಟ್ರಿಷಿಯನ್ ಯಾಕೆಂದು ಆಗಸ್ಟಿನಲ್ಲಿ ಎರಡು ಭಾನುವಾರ ಏಣಿ ಹತ್ತಿ ಇಳಿದಿದ್ದ. ಪ್ಯಾಸೇಜು, ಬಾತ್‌ರೂಮು, ಮತ್ತೆ ಬಾಲ್ಕನಿ ಮುಚ್ಚಿಸಿದ ಮೇಲೆ ಹಗಲೂ ಕತ್ತಲಾಗಿದ್ದ ಅಡಿಗೆಮನೆ. ಕಾಲಿಟ್ಟರೆ ದೀಪ ಹತ್ತುತ್ತದೆ; ಎರಡು ನಿಮಿಷ ಯಾರೂ ಅಲುಗದಿದ್ದರೆ ಆರುತ್ತದೆ. ಅದನ್ನೆಲ್ಲ ಫೋನಿಗೆ ತಿಳಿಸುವಂತೆ ನಿನ್ನೆ ರಾತ್ರಿಯಷ್ಟೇ ಹೊಂದಿಸಿದ್ದ. ಹೆಂಡತಿ ಪಂಕಜಾಳಿಗೆ ಹೇಳಿರಲಿಲ್ಲ. ಹೇಳಬಾರದೆಂದೇನಲ್ಲ.

ಫೋನು ಮತ್ತೆ ಅದುರಿತು. ಅಡಿಗೆಮನೆ.

ಕಳ್ಳನಿರಬಹುದು. ಕಳ್ಳ ಅಡಿಗೆಮನೆಗೇಕೆ ಹೋಗುತ್ತಾನೆ? ಅವನು ಕಾರಿಡಾರಿಗೆ ಬಂದು, ಇಯರ್‌ಫೋನ್ ಸಿಕ್ಕಿಸಿಕೊಂಡು ಪಂಕಜಾಳಿಗೆ ಫೋನ್ ಮಾಡಿದ. ಅವಳು ಫೋರ್ಟಿನ ಬ್ಯಾಂಕೊಂದರಲ್ಲಿ ಅನುವಾದ ವಿಭಾಗದ ಅಧಿಕಾರಿ.

“ಎಲ್ಲಿದೀಯ?”

“ಆಫೀಸಲ್ಲಿ. ಯಾಕೆ?”

“ಸುಮ್ನೆ.”

“ಊಟ ಆಯ್ತಾ?”

“ಇನ್ನೂ ಹನ್ನೊಂದೂವರೆ.”

“ಓ,” ಎಂದಳು. ಕಿವಿಯಲ್ಲಿ ಅವಳ ದನಿಯಿತ್ತು; ಕೈಯ ಪರದೆಯ ಮೇಲೆ ಪ್ಯಾಸೇಜು ಹತ್ತಿತು, ಬಾತ್‌ರೂಮು ಹತ್ತಿತು. ಅವಳ ದನಿಯ ಹಿಂದೆ ನಲ್ಲಿಯ ಸದ್ದು ಕೇಳಿಸಿದಂತಾಗಿ ನಿಂತಿತು. “ಇಡ್ಲಾ?” ಎಂದಳು.

ಸೆನ್ಸರುಗಳು ಕೂರಿಸಿದ ದಿನದಿಂದ ದಾಖಲಿಸಿಟ್ಟದ್ದೆಲ್ಲ ಈಗ ಫೋನಿನಲ್ಲಿ ಸಿಗುತ್ತಿತ್ತು. ಅವನು ಅದನ್ನು ಇದುವರೆಗೆ ತೆರೆದು ನೋಡಿರಲಿಲ್ಲ. ನಿನ್ನೆ, ಮೊನ್ನೆ, ಹೋದ ವಾರ, ಹೋದ ತಿಂಗಳು: ಕೆಲಸದ ದಿನಗಳಲ್ಲೆಲ್ಲ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆಯವರೆಗೆ ಯಾರೋ ಅವನ ಮನೆಯೊಳಗೆ ಓಡಾಡುತ್ತಿದ್ದರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಏನೂ ಇಲ್ಲ.

ಮೈ ಸರಿಯಿಲ್ಲವೆಂದು ಹೇಳಿ ಅವನು ಹೊರಬಿದ್ದ.

ಹಗಲಿನ ಲೋಕಲ್ ಖಾಲಿಯಿತ್ತು. ಕಿಟಕಿಯ ಪಕ್ಕ ಕೂತ ಕೇಶವಮೂರ್ತಿಗೆ, ಮನೆಯಲ್ಲಿ ಅವಳ ಜೊತೆ ಇನ್ನೊಬ್ಬ ಗಂಡಸಿದ್ದರೆ ಚೆನ್ನ ಎನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಆದರೆ ಅದಕ್ಕಾದರೂ ಒಂದು ದಾರಿಯಿದೆ: ಕೂಗಾಡಬಹುದು, ಬಾಗಿಲು ದಢಾರನೆ ಹಾಕಬಹುದು. ಇದಕ್ಕೆ ಏನು ಮಾಡಬೇಕು? ಇದಕ್ಕೆ ಹೆಸರಾದರೂ ಏನು?

ಬಿಲ್ಡಿಂಗಿನ ಗೇಟಿನಲ್ಲಿ ವಾಚ್‌ಮನ್ ಕಾಂತಪ್ಪ ಎದ್ದು ನಿಂತ. ವಿಜಾಪುರದ ಕಡೆಯವನು. ಕನ್ನಡದವರೆಂದರೆ ಅವನಿಗೆ ತುಸು ಸಲಿಗೆ.

“ಏನ್ರೀ ಸಾಹೇಬ್ರ, ಇಷ್ಟ್ ಲಗೂ? ಮನ್ಯಾಗ ಬಾಯಾರ್ಗೆ ಮತ್ತ ತಲಿನೂವು ಬಂದತೇನ್ರಿ?”

“ತಲೆನೋವೇ?”

“ನಿನ್ನಿ ನಾನs ಗುಳಿಗಿ ತಂದ್ ಕೊಟ್ಟಿದ್ನೆಲ್ರೀ. ದಿನಾ ಒಬ್ರs ಇರ್ತಾರ, ಪಾಪ.”

ಕೇಶವಮೂರ್ತಿ ಎಲ್ಲ ಬಲ್ಲವನಂತೆ ತಲೆಯಾಡಿಸಿ ಲಿಫ್ಟಿನ ಕಡೆ ನಡೆದ. ಏಳನೆಯ ಮಹಡಿ ಬರುವವರೆಗೂ ಆ ತಲೆಯಾಡಿಸುವಿಕೆ ನಿಂತಿರಲಿಲ್ಲ.

ತನ್ನ ಕೀಲಿಯಿಂದ ಬಾಗಿಲು ತೆರೆದ. ಅಡಿಗೆಮನೆಯ ಕತ್ತಲೆಯಲ್ಲಿ ಪಂಕಜಾ ಸ್ಟೂಲಿನ ಮೇಲೆ ಕೂತಿದ್ದಳು. ಅವನು ಒಳಗೆ ಹೆಜ್ಜೆಯಿಟ್ಟಾಗ ದೀಪ ಹತ್ತಿತು. ಅವಳು ಬೆಚ್ಚಲಿಲ್ಲ. ಆಫೀಸಿನ ಸೀರೆ ಹಾಗೇ ಇತ್ತು, ಸೆರಗಿಗೆ ಪಿನ್ನೂ ಇತ್ತು.

“ಬಂದ್ಯಾ?” ಎಂದಳು. “ಕಾಫಿ ಮಾಡ್ಲಾ?”

“ಆಫೀಸಲ್ಲಿದೀನಿ ಅಂದೆ.”

“ಅಭ್ಯಾಸ.”

“ರಜಾನಾ?”

“ಬಿಟ್ಟೆ.”

“ಏನು?”

“ಕೆಲಸ. ಆಗಸ್ಟಲ್ಲಿ.”

ಈಗ ಅಕ್ಟೋಬರ್. ಪ್ರತಿದಿನ ಎಂಟೂಮುಕ್ಕಾಲಿಗೆ ಇಬ್ಬರೂ ಒಟ್ಟಿಗೇ ವಡಾಲ ಸ್ಟೇಷನ್ನಿಗೆ ಹೋಗುತ್ತಿದ್ದರು. ಸೇತುವೆಯ ಮೇಲೆ ಬೇರೆಯಾಗಿ ಅವನು ಅಂಧೇರಿಯ ಗಾಡಿಗೆ, ಅವಳು ಫೋರ್ಟಿನ ಕಡೆಯದಕ್ಕೆ.

“ಹಾಗಾದ್ರೆ ದಿನಾ ಬೆಳಿಗ್ಗೆ?”

“ನಿನ್ನ ಗಾಡಿ ಹೋದ ಮೇಲೆ ವಾಪಸ್ ಬರ್ತೀನಿ.”

“ನಂಗೆ ಹೇಳ್ಬಹುದಿತ್ತು.”

ಅವಳು ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. “ಹೇಳಿದ್ನಲ್ಲ.”

“ಯಾವಾಗ?”

“ನೀನು ಏಣಿ ಮೇಲಿದ್ದೆ. ಪ್ಯಾಸೇಜಲ್ಲಿ. ರಾಜೀನಾಮೆ ಕೊಟ್ಬಿಟ್ಟೆ, ಇನ್ನು ಆಗಲ್ಲ ನನ್ ಕೈಲಿ ಅಂದೆ. ಹೂಂ ಅಂದೆ ನೀನು. ಸಣ್ಣ ಸ್ಕ್ರೂಡ್ರೈವರ್ ಕೊಡು ಅಂದೆ. ಕೊಟ್ಟೆ.”

ಅವನಿಗೆ ಸ್ಕ್ರೂಡ್ರೈವರ್ ನೆನಪಿತ್ತು. ಅದರ ಹಳದಿ ಹಿಡಿ ನೆನಪಿತ್ತು. ಅದನ್ನು ಕೊಟ್ಟ ಕೈಯೂ ನೆನಪಿತ್ತು. ಮಾತು ಮಾತ್ರ ಇಲ್ಲ. ಅವಳು ನಿಜಕ್ಕೂ ಹೇಳಿದ್ದಳೇ? ಅಥವಾ ಎರಡು ತಿಂಗಳು ಒಬ್ಬಳೇ ಕೂತು ಹೇಳಿದೆನೆಂದು ನಂಬಿಕೊಂಡಳೇ? ತಿಳಿಯಲಿಲ್ಲ. ಎರಡರಲ್ಲಿ ಯಾವುದು ತನಗೆ ಅನುಕೂಲವೆಂಬುದೂ ತಿಳಿಯಲಿಲ್ಲ.

“ಮಾರನೇ ದಿನ ಲೇಟಾಯ್ತು, ಹೊರಡು ಅಂದೆ ನೀನು,” ಎಂದಳು ಪಂಕಜಾ. “ಹೊರಟೆ. ಎಷ್ಟು ದಿನಕ್ಕೆ ಕೇಳ್ತೀಯ ನೋಡೋಣ ಅಂತಿದ್ದೆ. ಆಮೇಲೆ ಅದೂ ಮರೆತೋಯ್ತು.”

“ಏನಾಗಿತ್ತು ಆಫೀಸಲ್ಲಿ?”

“ಈಗ ಕೇಳ್ತಿದೀಯ?”

“ಹೇಳು.”

ಅವಳು ಬಾಯಿ ತೆರೆದಳು. ಅವನ ಜೇಬಿನಲ್ಲಿ ಫೋನು ಅದುರಿತು. ನೋಡಬಾರದೆಂದುಕೊಂಡ, ನೋಡಿದ. ಅಡಿಗೆಮನೆಯಲ್ಲಿ ಚಲನೆ, ಎಂದಿತ್ತು. ತಲೆಯೆತ್ತುವಷ್ಟರಲ್ಲಿ ಅವಳು ಎದ್ದು, ಅವನಿಗೆ ಬೆನ್ನು ಮಾಡಿ, ಒಲೆ ಹಚ್ಚುತ್ತಿದ್ದಳು.

“ಮೀಟಿಂಗ್ ಇತ್ತಲ್ಲ ನಿಂಗೆ,” ಎಂದಳು. “ಹೋಗು.”

ಇಲ್ಲ, ಇಲ್ಲೇ ಇರುತ್ತೇನೆ ಎನ್ನಬೇಕೆಂದುಕೊಂಡ. “ಸಂಜೆ ಮಾತಾಡೋಣ,” ಎಂದ.

ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬಿಸಿಲು ಚೂರುಚೂರಾಗಿ ಬಿದ್ದಿತ್ತು. ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಏನೋ ಘೋಷಿಸಿದರು. ಮೂರೂ ಅವನಿಗೆ ಬರುತ್ತಿದ್ದವು. ಅವಳು ಬಾಯಿ ತೆರೆದಾಗ ಮೊದಲ ಅಕ್ಷರ ಯಾವುದಿರಬಹುದೆಂದು ಅವನು ಯೋಚಿಸುತ್ತಿದ್ದ.

ಗಾಡಿ ಬಂದು ನಿಂತಿತು. ಎಕ್ಸ್‌ರೇ ಕವರು ಹಿಡಿದ ಮುದುಕನೊಬ್ಬ ಏದುಸಿರು ಬಿಡುತ್ತ ಓಡಿಬಂದು ಅವನ ತೋಳು ಮುಟ್ಟಿದ.

“ಭಾಯ್‌ಸಾಬ್, ಯೇ ಅಂಧೇರಿ ಜಾಯೇಗಿ ನಾ?”

“ಹಾಂ, ಹಾಂ,” ಎಂದ ಕೇಶವಮೂರ್ತಿ.

ಮುದುಕ ಹತ್ತಿಕೊಂಡ. ಗಾಡಿ ಹೊರಟ ಮೇಲೆ ಕೇಶವಮೂರ್ತಿ ಇಂಡಿಕೇಟರ್ ನೋಡಿದ. ಪನ್ವೇಲ್ ಎಂದಿತ್ತು; ಅಂಧೇರಿಯ ಕಡೆಯದಲ್ಲ. ಕೂಗಲು ಬಾಯಿ ತೆರೆದ; ಯಾವ ಭಾಷೆಯಲ್ಲಿ ಕೂಗಬೇಕೆಂದು ಹೊಳೆಯಲಿಲ್ಲ. ಬಾಗಿಲ ಕಂಬಿ ಹಿಡಿದು ನಿಂತ ಮುದುಕ, ಉಪಕಾರವಾಯಿತೆಂಬಂತೆ ಎಕ್ಸ್‌ರೇ ಕವರನ್ನು ಹಣೆಗೆ ಮುಟ್ಟಿಸಿ ನಗುತ್ತ, ತಿರುವಿನಲ್ಲಿ ಕಣ್ಮರೆಯಾಗುವವರೆಗೂ ಅವನನ್ನೇ ನೋಡುತ್ತಿದ್ದ.