ವಾಸಿಯಾದವಳ ಸಾಕ್ಷಿ

ಹುಚ್ಚಿ ಅನ್ನಿಸಿಕೊಳ್ಳುವುದು ಇಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ. ನಾನು ಪತ್ರಿಕೆಯ ವರದಿಗಾರ್ತಿ. ಮಾನಸಿಕ ಆಸ್ಪತ್ರೆಯೊಳಗೆ ಏನು ನಡೆಯುತ್ತದೆಂದು ನೋಡಲು ರೋಗಿಯ ವೇಷ ಹಾಕಿದ್ದೆ. ಅಕ್ಕ ಸಹಿ ಹಾಕಿದಳು, ವೈದ್ಯ ತಲೆಯೆತ್ತದೆ ಎರಡು ಪ್ರಶ್ನೆ ಕೇಳಿದ, ಮುಗಿಯಿತು. ಹತ್ತು ದಿನ ಬಿಟ್ಟು ಕರೆದೊಯ್ಯುತ್ತೇನೆ ಎನ್ನುವಾಗ ಅಕ್ಕ ನಿಜವಾಗಿಯೇ ಅತ್ತಳು.

ಒಳಗೆ ಚಿಕಿತ್ಸೆ ಎಂದರೆ ಹೊಲಿಗೆ ಕೋಣೆ. ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತು ಹೆಂಗಸರು ಬಿಟ್ಟಿಯಾಗಿ ಯಾರದೋ ಸಮವಸ್ತ್ರ ಹೊಲಿಯಬೇಕು. ಜೊತೆಗೆ ದಪ್ಪ ಬಟ್ಟೆಯ ಪಟ್ಟಿಗಳನ್ನೂ. ಮಾತು ಕೇಳದವಳನ್ನು ಮಂಚಕ್ಕೆ ಕಟ್ಟುವುದು ಅದೇ ಪಟ್ಟಿಗಳಿಂದ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಪಕ್ಕದ ಮಿಷನ್ನಿನವಳನ್ನು ಎಲ್ಲರೂ ಟೇಲರಮ್ಮ ಎನ್ನುತ್ತಿದ್ದರು. ಗಾರ್ಮೆಂಟ್ಸ್‌ನಲ್ಲಿ ಹುಡುಗಿಯರ ಮೈ ಮುಟ್ಟುವ ಸೂಪರ್‌ವೈಸರ್ ಮೇಲೆ ದೂರು ಕೊಟ್ಟಿದ್ದಳು. ಇವಳ ತಲೆ ಕೆಟ್ಟಿದೆ ಎಂದು ಫ್ಯಾಕ್ಟರಿಯವರು ಅವಳ ಅಣ್ಣನ ಕಿವಿ ಊದಿದರು. ಅಣ್ಣ ಇಲ್ಲಿ ತಂದು ಬಿಟ್ಟು ನಾಲ್ಕು ವರ್ಷವಾಗಿತ್ತು.

“ದಾರ ಸಡಿಲ ಬಿಡು,” ಎಂದು ಪಟ್ಟಿ ತೋರಿಸಿ ಪಿಸುಗುಟ್ಟಿದಳು. “ನೋಡೋಕೆ ಗಟ್ಟಿ ಇರತ್ತೆ, ಜಗ್ಗಿದ್ರೆ ಬಿಚ್ಕೊಳ್ಳತ್ತೆ.”

“ಗೊತ್ತಾದ್ರೆ?”

“ಹುಚ್ಚಿ ಹೊಲಿದಿದ್ದು ಅಂತಾರೆ. ನಮಗಿರೋ ಅನುಕೂಲ ಅದೊಂದೇ.”

ಹೊರಬಂದು ಎಲ್ಲವನ್ನೂ ಬರೆದೆ. ಊರೆಲ್ಲ ಗುಲ್ಲಾಗಿ ವಿಚಾರಣೆ ಶುರುವಾಯಿತು. ಆಸ್ಪತ್ರೆಯ ಮುಖ್ಯಸ್ಥನದು ಒಂದೇ ಹಟ: ವರದಿಗಾರ್ತಿ ಸುಳ್ಳು ಹೇಳಿ ಒಳಬಂದವಳು, ರೋಗಿಗಳ ಮಾತಂತೂ ಲೆಕ್ಕಕ್ಕಿಲ್ಲ. ತನ್ನ ಪರ ಸಾಕ್ಷಿ ಹೇಳಲು ಅವನು ಕರೆತಂದದ್ದು ಟೇಲರಮ್ಮನನ್ನೇ. ಹೊಸ ಸೀರೆ ಬೇರೆ ಉಡಿಸಿದ್ದ.

“ಎಲ್ಲಾ ಚೆನ್ನಾಗಿದೆ ಅಂದ್ರೆ ನಾಳೆನೇ ಮನೆಗೆ ಕಳಿಸ್ತಾರಂತೆ,” ಎಂದಳು ವರಾಂಡದಲ್ಲಿ ಸಿಕ್ಕಾಗ.

“ಹಾಗೇ ಹೇಳಿಬಿಡಿ. ಮೊದಲು ಹೊರಗೆ ಬನ್ನಿ.”

“ನೀನು ಬರೆದಿದ್ದು ಸುಳ್ಳಾಗತ್ತಲ್ಲೇ.”

“ಆಗ್ಲಿ ಬಿಡಿ.” ಮನಸ್ಸಿನಿಂದಲೇ ಹೇಳಿದೆ. ಅವಳು ಹೊಸ ಸೀರೆಯ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ವಿಚಾರಣಾಧಿಕಾರಿಯ ಮುಂದೆ ನಿಂತು ಮೊದಲು ಅವಳೇ ಕೇಳಿದಳು: “ನನ್ನ ಮಾತು ನಂಬ್ತೀರಾ ಸಾರ್? ನಾನು ರೋಗಿ.”

ಅಧಿಕಾರಿ ಮುಖ್ಯಸ್ಥನ ಮುಖ ನೋಡಿದರು.

“ಪೂರ್ತಿ ವಾಸಿಯಾಗಿದ್ದಾಳೆ ಸಾರ್. ನಾನೇ ಪರೀಕ್ಷೆ ಮಾಡಿದ್ದೀನಿ.”

“ಹಾಗಂತ ಬರ್ದು ಕೊಡ್ತೀರಾ ಡಾಕ್ಟ್ರೇ?” ಎಂದಳು ಟೇಲರಮ್ಮ.

ಅವನು ನಗುತ್ತಲೇ ಬರೆದ, ಸಹಿ ಹಾಕಿ ಮೊಹರು ಒತ್ತಿದ. ಆ ಕಾಗದ ಅಧಿಕಾರಿಯ ಕಡತಕ್ಕೆ ಸೇರುವವರೆಗೂ ಟೇಲರಮ್ಮ ತುಟಿ ಬಿಚ್ಚಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

“ನಾಲ್ಕು ವರ್ಷದ್ದು ಸಾರ್, ಹೊತ್ತಾಗತ್ತೆ. ಮೊದಲನೇ ದಿನದಿಂದ ಹೇಳ್ತೀನಿ, ಬರ್ಕೊಳ್ಳಿ.”