ಮುಟ್ಟಬಾರದ ತೆನೆ

ಮೊಂತಿ ಹಬ್ಬದ ದಿನ ಕಾಪುವಿನಲ್ಲಿ ಬಸ್ಸಿಳಿದ ನಾನು ಮನೆಗೆ ಹೋಗಲಿಲ್ಲ, ನೇರ ಗದ್ದೆಗೆ ಹೋದೆ. ಚರ್ಚಿಗೆ ಹೇಗೂ ತಡವಾಗಿತ್ತು. ಅಮ್ಮನ ಬೈಗುಳ ತಿನ್ನುವ ಮೊದಲು ನನ್ನ ಭತ್ತವನ್ನೊಮ್ಮೆ ನೋಡಿಬಿಡೋಣ ಎಂದುಕೊಂಡಿದ್ದೆ. ನೋಡಿದರೆ, ಗದ್ದೆಯೆಲ್ಲ ಹಸಿರಾಗಿ ನಿಂತಿದೆ, ನನ್ನ ಮೂಲೆಯಲ್ಲಿ ಮಾತ್ರ ಒಂದು ತೆನೆಯೂ ಇಲ್ಲ. ದನ ಮೇಯ್ದದ್ದಲ್ಲ, ಹಂದಿ ಉತ್ತದ್ದಲ್ಲ. ಯಾರೋ ಕತ್ತಿ ಹಿಡಿದು ಅಚ್ಚುಕಟ್ಟಾಗಿ ಕೊಯ್ದಿದ್ದರು.

ಆ ಮೂಲೆಯ ವಿಷಯ ಹೇಳಬೇಕು. ನಮ್ಮ ಕರಾವಳಿಯ ಭತ್ತಕ್ಕೊಂದು ಕೆಟ್ಟ ಚಾಳಿ. ಮಾಗುವ ಹೊತ್ತಿಗೆ ಮಳೆ ಹಿಡಿಯಿತೋ, ಕೊಯ್ಲಿಗೂ ಕಾಯದೆ ತೆನೆಯಲ್ಲೇ ಮೊಳಕೆಯೊಡೆಯುತ್ತದೆ. ಬೀಜಕ್ಕೆ ‘ಈಗ ಬೇಡ, ಮಲಗು’ ಎಂದು ಹೇಳುವ ಹಾರ್ಮೋನು ಗಿಡದೊಳಗೇ ಇದೆ. ಆ ಮಾತು ತಲುಪಿದರೆ ಮೊಳಕೆ ಬರಿಸುವ ಜೀನುಗಳು ಸುಮ್ಮನಿರುತ್ತವೆ. ಆದರೆ ನಮ್ಮ ಭತ್ತಕ್ಕೆ ಕಿವಿ ಮಂದ. ಕೆಲವು ವರ್ಷಗಳ ಹಿಂದೆ, ನೆರೆಯಲ್ಲಿ ಬಿದ್ದು ಮೊಳೆತುಹೋದ ಒಂದು ಗದ್ದೆಯಲ್ಲಿ ಮೊಳೆಯದೆ ಉಳಿದ ಒಂದೇ ಒಂದು ಗಿಡ ನನಗೆ ಸಿಕ್ಕಿತ್ತು. ನಾನು ಕೆಲಸ ಮಾಡುವ ಮಣಿಪಾಲದ ಪ್ರಯೋಗಾಲಯದಲ್ಲಿ ಅದರ ಬೀಜಕ್ಕೆ ಹಾರ್ಮೋನು ಒಂದಿಷ್ಟು ಸೋಕಿದರೆ ಸಾಕು, ನೀರಿನಲ್ಲಿಟ್ಟರೂ ನಿದ್ದೆ ಬಿಡುತ್ತಿರಲಿಲ್ಲ. ಯಾವ ಜೀನು ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ? ಅದೊಂದು ತಿಳಿದರೆ ಇಡೀ ಕರಾವಳಿಯ ಬೆಳೆ ಉಳಿದೀತು. ನನ್ನ ಪ್ರಾಣವೆಲ್ಲ ಆ ಪ್ರಶ್ನೆಯಲ್ಲೇ ಇತ್ತು. ಪ್ರಯೋಗಾಲಯದಲ್ಲಿಟ್ಟಿದ್ದ ಬೀಜ ಈ ಮಳೆಗಾಲದಲ್ಲಿ ಬೂಷ್ಟು ಹಿಡಿದು ಸತ್ತ ಮೇಲೆ ಉಳಿದದ್ದು, ಅದೇ ಬೀಜವನ್ನು ನಾನು ಬಿತ್ತಿದ್ದ ಈ ಮೂಲೆ ಮಾತ್ರ. ಬೇರೆ ಕಡೆ ಎಲ್ಲೂ ಇರಲಿಲ್ಲ.

ಮನೆಯ ಜಗಲಿಯಲ್ಲಿ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. ನನ್ನ ಅಣ್ಣ ಕಜೆಟನ್ ಬಾಳೆಲೆ ಒರೆಸುತ್ತಿದ್ದ.

“ನನ್ನ ತೆನೆ ಎಲ್ಲಿ?” ಎಂದೆ.

ಅಮ್ಮನ ಮುಖ ಅರಳಿತು. “ಚರ್ಚಿಗೆ ಕೊಟ್ಟೆವು! ಈ ಸಲ ಊರಲ್ಲಿ ಯಾರ ಗದ್ದೆಯೂ ಮಾಗಿಲ್ಲ, ನೀನು ಮೊದಲೇ ಬಿತ್ತಿದ್ದು ಮಾತ್ರ ಮಾಗಿದ್ದು ಅಲ್ವಾ? ಆಶೀರ್ವಾದಕ್ಕೆ ತೆನೆ ಇಲ್ಲ ಎಂದು ಪಾದ್ರಿಯವರು ಚಿಂತೆಯಲ್ಲಿದ್ದರು. ನಿನ್ನ ಹರಕೆ ಸರಿಯಾದ ಹೊತ್ತಿಗೆ ಮುಟ್ಟಿತು ನೋಡು.”

“ಎಂತ ಹರಕೆ?”

“ನನಗೆ ಗೊತ್ತಾಗುವುದಿಲ್ಲ ಎಂದು ಮಾಡಿದ್ದೀಯಾ? ಕೆಂಪು ನೂಲು ಕಟ್ಟಿದ್ದಿ. ಯಾರೂ ಮುಟ್ಟಬಾರದು, ಒಂದು ಕಾಳೂ ಬಾಯಿಗೆ ಹಾಕಬಾರದು, ಚಪ್ಪಲಿಯಲ್ಲಿ ಹತ್ತಿರ ಸುಳಿಯಬಾರದು ಎಂದು ನೀನೇ ಹೇಳಿದ್ದಲ್ಲವಾ? ದೇವರಿಗೆ ಇಟ್ಟದ್ದಲ್ಲದೆ ಮತ್ತೆಂತ ಅದು?”

ನೂಲು ಕಟ್ಟಿದ್ದು ಗುರುತಿಗೆ, ಚಪ್ಪಲಿಗೆ ಅಂಟಿಕೊಂಡು ರೋಗ ಬರಬಾರದೆಂದು ಹೇಳಿದ್ದೆ ನಾನು. ವರ್ಷಕ್ಕೊಮ್ಮೆ ಕಷ್ಟದಲ್ಲಿ ಚರ್ಚಿನ ಮೆಟ್ಟಿಲು ಹತ್ತುವ ಮಗಳು ಕೊನೆಗೂ ದಾರಿಗೆ ಬಂದಳೆಂದು ಅಮ್ಮ ಪೂಜೆಯುದ್ದಕ್ಕೂ ಅತ್ತಿದ್ದಳಂತೆ. ಅಂಥವಳ ಮೇಲೆ ಏನೆಂದು ಕೂಗಾಡಲಿ? ಸಿಟ್ಟು ನೆತ್ತಿಗೇರಿತು, ಹಾಕುವುದಕ್ಕೆ ಜಾಗ ಸಿಗಲಿಲ್ಲ.

“ನಮ್ಮ ಪಾಲಿನದು?”

“ಅರೆದಾಯಿತು. ತೆಂಗಿನ ಹಾಲಿನಲ್ಲಿ ಉಂಟು.”

ನಮ್ಮಲ್ಲಿ ಹಾಗೆಯೇ. ಮೊಂತಿ ಹಬ್ಬವೆಂದರೆ ಮಾತೆ ಮರಿಯಳ ಹುಟ್ಟುಹಬ್ಬ, ಅಂದು ಹೊಸ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಕಾಳು ಸುಲಿದು, ಅರೆದು, ಹಾಲಿಗೆ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕುಡಿದ ಮೇಲೆಯೇ ಹಬ್ಬದೂಟ. ಈ ಸಲ ತೆನೆ ಸಾಲದೆ ಮುರಿದು ಮುರಿದು ಕೊಟ್ಟಿದ್ದರು, ಮನೆಗೆ ಒಂದು ಚಿಟಿಕೆಯಷ್ಟು ಕಾಳು.

ಊಟಕ್ಕೆ ಇನ್ನೂ ಹೊತ್ತಿತ್ತು, ಯಾರ ಮನೆಯಲ್ಲಾದರೂ ಅರೆಯದ ಕಾಳು ಉಳಿದಿರಬಹುದು. ನಾನು ಓಡಿದೆ.

ಜೇಮ್ಸ್ ಮಾಸ್ಟರರ ಮನೆಯಲ್ಲಿ ಲೋಟಗಳು ಆಗಲೇ ಖಾಲಿಯಾಗಿದ್ದವು. ಗ್ಲ್ಯಾಡಿಸಳ ಮನೆಯಲ್ಲಿ ಅರೆಯುವ ಸದ್ದು ಕೇಳಿ ಹೇಳದೆ ಕೇಳದೆ ಒಳಗೆ ನುಗ್ಗಿ ಕಲ್ಲಿಗೆ ಕೈ ಹಾಕಿದೆ, ಬೆರಳಿಗೆ ಬಂದದ್ದು ಹಿಟ್ಟು. “ಒಲಿಂಡಾ, ನಿನಗೆ ಎಂತ ಆಯಿತು?” ಎಂದು ಅವಳು ಹೆದರಿ ಹಿಂದೆ ಸರಿದಳು. ಇನ್ನೊಂದು ಮನೆಯಲ್ಲಿ ದೇವರ ಪಟಕ್ಕೆ ತೆನೆ ಸಿಕ್ಕಿಸಿದ್ದು ಕಂಡು ಹತ್ತಿರ ಹೋಗಿ ನೋಡಿದೆ. ಬರೀ ಹುಲ್ಲು, ಕಾಳೆಲ್ಲ ಕಿತ್ತಾಗಿತ್ತು. ಅಂಗಳಕ್ಕೆ ಎಸೆದ ಹೊಟ್ಟನ್ನು ಹಬ್ಬದ ಸೀರೆಯಲ್ಲೇ ಮೊಣಕಾಲೂರಿ ಕೆದಕಿದೆ. ಜನ ಜಗಲಿಯಲ್ಲಿ ನಿಂತು ನೋಡಿದರು. ನೋಡಲಿ. ಒಂದು ಕಾಳು ಸಿಕ್ಕರೆ ಮತ್ತೆ ಒಂದು ಗಿಡ, ಒಂದು ಗಿಡವಿದ್ದರೆ ಎಲ್ಲ ಇದ್ದ ಹಾಗೆ.

ಕೊನೆಗೆ ಉಳಿದದ್ದು ಆನಿಬಾಯಿಯ ಮನೆ. ವಿಧವೆ, ಒಬ್ಬನೇ ಮಗ ಲೂಯಿಸ್, ಬಹರೈನಿನಲ್ಲಿ. ಅವಳ ಮೇಜಿನ ಮೇಲೆ ವಿದೇಶದ ಅಂಚೆಯ ಲಕೋಟೆ ಇತ್ತು, ಒಂದು ಬದಿ ಉಬ್ಬಿತ್ತು. ದೂರದಲ್ಲಿರುವವರಿಗೆ ಹೊಸ ಕಾಳನ್ನು ಅಂಚೆಯಲ್ಲಿ ಕಳುಹಿಸುವುದು ನಮ್ಮವರ ಪದ್ಧತಿ. ನನ್ನ ಓಟದಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತೆ.

“ಆನಿಬಾಯಿ, ಆ ಕಾಳು ನನಗೆ ಬೇಕು. ಅದು ಬಿತ್ತುವ ಬೀಜ. ಅದು ಹೋದರೆ ನನ್ನ ಕೆಲಸವೆಲ್ಲ ಹೋಯಿತು.”

ಅವಳು ಲಕೋಟೆಯನ್ನು ಎದೆಗೊತ್ತಿಕೊಂಡಳು. “ಅದು ಲೂಯಿಸನ ಪಾಲು. ಕಳೆದ ಕ್ರಿಸ್ಮಸಿನಿಂದ ಅವನ ಕಾಗದವೇ ಇಲ್ಲ. ಇದನ್ನು ತಿಂದರೆ ಮನೆ ನೆನಪಾಗುತ್ತದೆ ಅವನಿಗೆ.”

“ಎರಡೇ ಕಾಳು ಕೊಡಿ. ನಿಮ್ಮ ಕಾಲು ಹಿಡಿಯುತ್ತೇನೆ.”

ನಿಜವಾಗಿಯೂ ಹಿಡಿದೆ. ಆನಿಬಾಯಿ ನನ್ನ ತೋಳು ಹಿಡಿದು ಎಬ್ಬಿಸಿದಳು. ಆಮೇಲೆ ಲಕೋಟೆಯ ಅಂಚು ಬಿಡಿಸಿ, ಎರಡಲ್ಲ, ಎಲ್ಲವನ್ನೂ ನನ್ನ ಅಂಗೈಗೆ ಸುರಿದಳು. “ತೆಗೆದುಕೋ. ಅವನಿಗೆ ಬರುವ ವರ್ಷ ಕಳುಹಿಸುತ್ತೇನೆ.”

ಕಾಳು ಬೆಚ್ಚಗಿತ್ತು. ಮುಖದ ಹತ್ತಿರ ತಂದೆ. ಘಮ್ಮೆಂದಿತು.

“ಹಂಚಿನಲ್ಲಿ ಹುರಿದಿದ್ದೇನೆ,” ಎಂದಳು ಆನಿಬಾಯಿ. “ಹಸಿ ಕಾಳು ದಾರಿಯಲ್ಲಿ ಬೂಷ್ಟು ಹಿಡಿಯುತ್ತದೆ ಅಲ್ವಾ? ಹುರಿದರೆ ಎಷ್ಟು ದಿನವೂ ಹಾಳಾಗುವುದಿಲ್ಲ.”

ಹುರಿದ ಬೀಜಕ್ಕೆ ಯಾವ ಹಾರ್ಮೋನೂ ಏನನ್ನೂ ಹೇಳಲಾರದು. ಕೇಳುವವರೇ ಒಳಗಿಲ್ಲ. ನಾನು ಒಂದೊಂದಾಗಿ ಕಾಳನ್ನು ಮತ್ತೆ ಲಕೋಟೆಗೆ ಹಾಕತೊಡಗಿದೆ.

“ಯಾಕೆ, ಬೇಡವಾ?”

“ಲೂಯಿಸನಿಗೇ ಕಳುಹಿಸಿ. ಇದು ಅವನದ್ದೇ.”

ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತಿಬಂತು. ಸಭ್ಯರ ಅಳುವಲ್ಲ ಅದು, ಬಾಯಿಬಿಟ್ಟು ಅತ್ತೆ. ಆನಿಬಾಯಿ ಗಾಬರಿಯಿಂದ ಸೆರಗು ತೆಗೆದು ನನ್ನ ಮುಖ ಒರೆಸಿದಳು. ತನ್ನ ಮಗನಿಗಾಗಿ ಇಷ್ಟು ಅಳುವವರು ಊರಲ್ಲಿ ಇನ್ನೊಬ್ಬರಿದ್ದಾರೆ ಎಂದು ಅವಳಿಗೆ ಗೊತ್ತಿರಲಿಲ್ಲವಂತೆ.

“ಅಳಬೇಡ ಬಾಯೆ,” ಎಂದಳು, ನನ್ನ ಬೆನ್ನು ಸವರುತ್ತ. “ಅವನು ಬರೆಯುತ್ತಾನೆ. ಖಂಡಿತ ಬರೆಯುತ್ತಾನೆ.”