ಎಬೆರನ ರಕ್ತದ ಚೀಟಿ

ಅದು ಶುರುವಾದದ್ದು ಜನವರಿಯ ಸೆಕೆಯಲ್ಲಿ, ಬೆಳಗಿನ ಆರು ಗಂಟೆಗೆ. ಜನವರಿಯಲ್ಲಿ ಬೇಸಿಗೆ ಬರುವ ಮೊಂತೆವಿದೆಯೋ ನಗರದ ಪಲೆರ್ಮೋ ಕೇರಿಯಲ್ಲಿ ಎಬೆರ್ ಸಿಲ್ವೇರಾ ಹಾಸಿಗೆಯಿಂದ ಏಳಲು ಒದ್ದಾಡುತ್ತಿದ್ದ. ನಲವತ್ತಾರು ವರ್ಷದವನು. ಬೆನ್ನುಮೂಳೆಯ ಕೀಲುಗಳಿಗೆ ಉರಿಯೂತ ಹತ್ತಿ ಇಪ್ಪತ್ತು ವರ್ಷವಾಗಿತ್ತು. ಬೆಳಗ್ಗೆ ಹಲಗೆಯಂತಿರುವ ಬೆನ್ನು ಒಂದು ಗಂಟೆ ಓಡಾಡಿದರೆ ಸಡಿಲವಾಗುತ್ತಿತ್ತು, ಕೂತರೆ ಮತ್ತೆ ಸೆಟೆದುಕೊಳ್ಳುತ್ತಿತ್ತು. ಇದು ತಂಗಿ ಮಿರ್ತಾಗೆ ಗೊತ್ತಿತ್ತು. ಡೋಲಿನ ಮೇಳದ ಯಜಮಾನ ದೋನ್ ಲಾದಿಸ್ಲಾವೊಗೆ ಎಷ್ಟು ಹೇಳಿದರೂ ತಲೆಗೆ ಹೋಗಿರಲಿಲ್ಲ.

ಎಬೆರ್ ಬಾರಿಸುತ್ತಿದ್ದದ್ದು ಪಿಯಾನೋ ಎಂದು ಕರೆಯುವ ದಪ್ಪ ದನಿಯ ಡೋಲು. ಮೇಳಗಳು ಸ್ಪರ್ಧಿಸುವ ಫೆಬ್ರವರಿಯ ಮೆರವಣಿಗೆಗೆ ಅದನ್ನು ಬಿಡು ಎಂದು ಯಜಮಾನರು ಹಿಂದಿನ ಸಂಜೆ ಹೇಳಿದ್ದರು. ಹೋದ ವರ್ಷ ಒಬ್ಬ ಡೋಲಿನವನು ಎದೆ ಹಿಡಿದುಕೊಂಡು ನಡುಬೀದಿಯಲ್ಲಿ ಕುಸಿದಿದ್ದ, ಮೇಳದ ಅಂಕ ಹೋಗಿತ್ತು. ಎಬೆರನಿಗೆ ಅವರು ಮೇಳದ ಮುಂದೆ ಕುಣಿಯುವ, ನಾಟಿ ಮದ್ದು ಕೊಡುವ ಮುದುಕನ ವೇಷ ಇಟ್ಟಿದ್ದರು.

"ಹೆಂಗೂ ಬಗ್ಗಿದ್ದೀಯ. ಗಡ್ಡ ಅಂಟಿಸ್ಕೊಂಡು ಕೋಲು ಹಿಡ್ಕೊ, ಸಾಕು. ಕಲಿಯೋದೇನೂ ಇಲ್ಲ."

ಆ ವೇಷವನ್ನು ಎಬೆರ್ ಹಗುರವಾಗಿ ಕಂಡವನಲ್ಲ. ನೆಟ್ಟಗಿರುವವರು ವರ್ಷಗಟ್ಟಲೆ ಕಲಿತು ಬಗ್ಗಿ, ನಡುಗಿ ಕುಣಿಯುವ ವೇಷ ಅದು. ಕಲಿಯದೆ ಸಿಕ್ಕಿದ್ದು ಅವನಿಗೆ ಬೇಡವಾಗಿತ್ತು. ಡೋಲೇ ಬೇಕು ಎಂದಾಗ, ಹಾಗಾದರೆ ಹೃದಯ, ರಕ್ತನಾಳ ಸರಿಯಿದೆಯೆಂದು ಆಸ್ಪತ್ರೆಯಿಂದ ಚೀಟಿ ತಾ ಎಂದಿದ್ದರು ಯಜಮಾನರು. ಅದಕ್ಕೇ ಅವನು ಆ ಬೆಳಗ್ಗೆ ಹೊರಟದ್ದು.

ಡಾಕ್ಟರ್ ಇರುರೆತಾ ಚಿಕ್ಕ ವಯಸ್ಸಿನ ಹೆಂಗಸು, ಬಿಗಿ ಮಾತಿನವಳು. ಖಾಲಿ ಹೊಟ್ಟೆಯಲ್ಲಿ ಬನ್ನಿ, ಕಾಫಿ ಬೇಡ, ಸಿಗರೇಟು ಬೇಡ ಎಂದು ಮೊದಲೇ ಹೇಳಿಸಿದ್ದಳು. ಎಬೆರ್ ಪ್ರಾಮಾಣಿಕವಾಗಿ ಏನೂ ಮುಟ್ಟಿಲ್ಲ ಎಂದ. ಅವಳು ಅವನ ಕಂಕುಳಲ್ಲಿದ್ದ, ಮತೆ ಎಂಬ ಕಹಿ ಎಲೆಯ ಚಹಾಕ್ಕೆ ಬೇಕಾಗುವ ಬಿಸಿನೀರಿನ ಫ್ಲಾಸ್ಕು ನೋಡಿದಳು.

"ಮತೆ ಕುಡಿದ್ರಾ?"

"ಕುಡಿದೆ. ಮತೆನ ಯಾರಾದ್ರೂ ಲೆಕ್ಕಕ್ಕೆ ಹಿಡೀತಾರಾ, ಡಾಕ್ಟ್ರೇ?"

"ನಿಮ್ಮ ರಕ್ತನಾಳ ಹಿಡಿಯುತ್ತೆ. ಮುಂದಿನ ಸೋಮವಾರ ಬನ್ನಿ."

ಒಂದು ವಾರ ಹಾಳಾಯಿತು. ಆ ವಾರವಿಡೀ ಬೇರೆಯವರು ಅಭ್ಯಾಸ ಮಾಡುತ್ತಿದ್ದರೆ ಅವನು ಗೋಡೆಗೊರಗಿ ಬರಿಗೈಯಲ್ಲಿ ತೊಡೆ ತಟ್ಟುತ್ತ ನಿಂತಿದ್ದ.

ಸೋಮವಾರ ಮತೆ ಇಲ್ಲದೆ ತಲೆ ಸಿಡಿಯುತ್ತಿತ್ತು. ಮುಂಗೈಗೆ ಪಟ್ಟಿ ಬಿಗಿದು ಐದು ನಿಮಿಷ ರಕ್ತ ತಡೆದರು. ಬೆರಳುಗಳಲ್ಲಿ ಇರುವೆ ಹರಿದಂತಾಯಿತು. ಪಟ್ಟಿ ಬಿಟ್ಟಾಗ ರಕ್ತ ನುಗ್ಗಿ ಬರುತ್ತದೆ, ಅದಕ್ಕೆ ನಾಳ ಅಗಲವಾಗಬೇಕು, ಅದನ್ನು ಪರದೆಯ ಮೇಲೆ ಅಳೆಯುತ್ತಾರೆ. ಎಬೆರನದು ಅಗಲವಾಯಿತು, ಆದರೆ ಸಾಕಾಗುವಷ್ಟಲ್ಲ. ರಕ್ತದಲ್ಲಿ ಉರಿಯೂತ ತೋರಿಸುವ ಒಂದು ಅಂಶವಿದೆ, ಐದರ ಒಳಗಿರಬೇಕಾದದ್ದು ಹನ್ನೊಂದಿತ್ತು. ಬೆನ್ನಿನ ಉರಿಯೂತಕ್ಕೆ ಇಂಜೆಕ್ಷನ್ನು ಶುರುಮಾಡುವ ಮೊದಲು ಇಪ್ಪತ್ತಾರಿತ್ತು.

ಬೆನ್ನಿನ ಬೆಂಕಿ ಬೆನ್ನಲ್ಲೇ ಇರುವುದಿಲ್ಲ, ರಕ್ತದ ಜೊತೆ ಸುತ್ತುತ್ತದೆ, ನಾಳದ ಒಳಪದರ ಬಿಗಿಯುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಎಬೆರನಿಗೆ ಅದು ತಟ್ಟನೆ ಅರ್ಥವಾಯಿತು. ಬಾರಿಸುವ ಮುಂಚೆ ಬೀದಿಯಲ್ಲಿ ಬೆಂಕಿ ಹಾಕಿ ಡೋಲಿನ ಚರ್ಮ ಕಾಯಿಸಿ ಬಿಗಿಮಾಡುವವನಲ್ಲವೇ ಅವನು. ಹಾಗಿದ್ದರೆ ನನ್ನದು ಚೆನ್ನಾಗಿ ಕಾದಿದೆ ಎಂದ. ಅವಳು ನಗಲಿಲ್ಲ. ಹೃದಯವನ್ನೂ ನೋಡಿದಳು, ಅದು ಸರಿಯಿತ್ತು. ಸಿಗರೇಟು ಇವತ್ತಿಗೇ ಬಿಡಬೇಕು, ಇಂಜೆಕ್ಷನ್ನು ತಪ್ಪಿಸಬಾರದು ಎಂದಳು. ಚೀಟಿಯ ಕೆಳಗೆ ಕೈಯಲ್ಲೇ ಮೂರು ಸಾಲು ಬರೆದಳು: ನಡೆಯಲಿ, ಕೂರುವುದು ಕೆಟ್ಟದ್ದು. ಬೆನ್ನು ಬಗ್ಗಿಸಿಕೊಂಡು ಇರಬಾರದು. ಅಗಲ ಪಟ್ಟಿ ಹಾಕಿ ಡೋಲು ಹೊರಬಹುದು, ಎದೆ ಹಿಡಿದರೆ ನಿಲ್ಲಿಸಬೇಕು.

ಮರುದಿನ ಮೇಳದವರೆಲ್ಲ ಅಭ್ಯಾಸಕ್ಕೆ ಸೇರಿದ್ದಾಗ ದೋನ್ ಲಾದಿಸ್ಲಾವೊ ಚೀಟಿಯ ಮೇಲ್ಭಾಗ ಓದಿದರು. ಹನ್ನೊಂದರ ಪಕ್ಕದಲ್ಲಿ, ಮಿತಿ ಮೀರಿದ್ದಕ್ಕೆ ಹಾಕುವ ನಕ್ಷತ್ರದ ಗುರುತಿತ್ತು. ಅಲ್ಲಿಂದ ಕೆಳಕ್ಕೆ ಅವರ ಕಣ್ಣು ಇಳಿಯಲಿಲ್ಲ. ಅದೇ ಮೇಳದಲ್ಲಿದ್ದ ಮಿರ್ತಾ ಆ ಮೂರು ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದಳು. ನಕ್ಷತ್ರ ಇದ್ದ ಮೇಲೆ ಮುಗೀತು ಎಂದರು ಅವರು.

"ದೋನ್, ರಕ್ತದಲ್ಲಿ ಬೆಂಕಿ ಇದೆ, ಒಪ್ಕೋತೀನಿ," ಎಂದ ಎಬೆರ್. "ನಾಳ ಬಿಗಿದಿದೆ, ಅದನ್ನೂ ಒಪ್ಕೋತೀನಿ. ಬಗ್ಗಿ ನಡಿ ಅಂತ ಮಾತ್ರ ಈ ಚೀಟೀಲಿಲ್ಲ. ಅದು ನಿಮ್ಮ ಮಾತು."

"ಹಠ ಮಾಡ್ಬೇಡಪ್ಪ. ಬಿದ್ರೆ ಯಾರ ಹೆಸರು ಹೋಗುತ್ತೆ?"

"ಬಿದ್ರೆ ನಂದು. ಕೂರಿಸಿದ್ರೆ ನಿಮ್ದು."

ನನ್ನ ಬಾವುಟದ ಕೆಳಗೆ ನಿನ್ನ ಡೋಲಿಲ್ಲ ಎಂದರು ಯಜಮಾನರು, ಮೆಲ್ಲಗೆ. ಇನ್ನೊಂದು ಮೇಳದ ಬಾವುಟ ಹಿಡಿಯುವವನಲ್ಲ ಎಬೆರ್, ಅದು ಅವರಿಗೂ ಗೊತ್ತಿತ್ತು. ಬಾವುಟವಿಲ್ಲದೆ ನಡೆಯುತ್ತೇನೆ, ಮೆರವಣಿಗೆ ಹೋದರೆ ಹೋಗಲಿ, ಯಾರು ಬೇಕಾದರೂ ಬಾರಿಸುವ ಭಾನುವಾರದ ಬೀದಿಯನ್ನು ಯಾರೂ ತಮ್ಮ ಹೆಸರಿಗೆ ಬರೆಸಿಕೊಂಡಿಲ್ಲ ಎಂದು ಅವನು ಡೋಲನ್ನು ಹೆಗಲಿಗೇರಿಸಿದ, ಆದಷ್ಟು ನೆಟ್ಟಗೆ ನಿಂತ. ಸಣ್ಣ ಡೋಲಿನ ಸೆನೋನ್ ಎದ್ದ. ನಡುಡೋಲಿನ ಎಲಿಸೆಯೊ ಸ್ವಲ್ಪ ಹೊತ್ತು ನೆಲ ನೋಡಿ ಅವನೂ ಎದ್ದ. ಮೂರು ದನಿ ಸೇರಿದರೆ ಒಂದು ಬೀದಿಗೆ ಸಾಕು.

ಎಬೆರ್, ಮಿರ್ತಾ, ಸೆನೋನ್, ಎಲಿಸೆಯೊ, ಈ ನಾಲ್ವರು ಮೇಳ ಬಿಟ್ಟು ಹೋದದ್ದು ಮೆರವಣಿಗೆಗೆ ಇನ್ನು ಒಂಬತ್ತು ದಿನವಿದ್ದಾಗ, ಮಂಗಳವಾರ.